ಶೇಕಡಾ ಐವತ್ತು ಸರಿ, ಆದರೆ ಯಾವುದರ ಮೇಲೆ?

ಆಷಾಢ ಬಂತೆಂದರೆ ನಮ್ಮ ಕಡೆಯ ತೋಟಗಳಲ್ಲಿ ಕೊಳೆರೋಗದ ಔಷಧಿಯದೇ ಗಡಿಬಿಡಿ. ಮಳೆ ಸ್ವಲ್ಪ ಹೊಳವಾದರೆ ಸಾಕು, ಮೈಲುತುತ್ತ ಸುಣ್ಣ ಕಲಸಿ, ಕೊನೆಗಾರನಿಗೆ ಹೇಳಿ ಕಳಿಸಿ, ಮರ ಹತ್ತಿಸಬೇಕು. ಅದೇ ತಿಂಗಳು ಬೆಂಗಳೂರಿನಲ್ಲಿ ಬೇರೆಯೇ ಒಂದು ಗಡಿಬಿಡಿ. ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ, ಎಂಟನೇ ಅಡ್ಡರಸ್ತೆಯಲ್ಲಿ, ಚಿಕ್ಕಪೇಟೆಯ ಗಲ್ಲಿಗಳಲ್ಲಿ ಅಂಗಡಿಗಳ ಮುಂದೆ ಆಳೆತ್ತರದ ಅಕ್ಷರದ ಬೋರ್ಡುಗಳು ಏಳುತ್ತವೆ: "ಆಷಾಢದ ಭಾರೀ ರಿಯಾಯಿತಿ, ಶೇ. 50 ಕಡಿತ!" ಪೇಪರಿನಲ್ಲೂ ಅದೇ, ಮೊಬೈಲಿನಲ್ಲೂ ಅದೇ. ಮಕ್ಕಳನ್ನು ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಕಳಿಸಿರುವ ನಮ್ಮ ಸದಸ್ಯರು ಎರಡು ಸುತ್ತಿನ ಔಷಧಿಯ ನಡುವೆ ಬಿಡುವು ಮಾಡಿಕೊಂಡು, ಮಕ್ಕಳನ್ನು ನೋಡಿದಂತೆಯೂ ಆಯಿತು, ಮನೆಗೆ ನಾಲ್ಕು ಬಟ್ಟೆ ತಂದಂತೆಯೂ ಆಯಿತು ಎಂದು ರಾತ್ರಿ ಬಸ್ಸು ಹತ್ತುತ್ತಾರೆ.

ಹತ್ತಲಿ, ತಪ್ಪೇನೂ ಇಲ್ಲ. ಆದರೆ ಹತ್ತುವ ಮೊದಲು ಈ ಲೇಖನವನ್ನು ಒಮ್ಮೆ ಓದಬೇಕೆಂದು ನಮ್ಮ ವಿನಂತಿ. ಇದನ್ನು ಬರೆಯುವ ನಾವು ಈ ವಿಷಯದಲ್ಲಿ ಪಂಡಿತರೆಂದು ಬರೆಯುತ್ತಿಲ್ಲ, ಒಮ್ಮೆ ಏಮಾರಿದವರೆಂದು ಬರೆಯುತ್ತಿದ್ದೇವೆ.

ನಮ್ಮ ಮನೆಯ ಲೆಕ್ಕ

2022ರ ಮಾರ್ಗಶಿರದಲ್ಲಿ ನಮ್ಮ ಹಿರಿಯ ಮಗಳ ಮದುವೆ. ನೆಂಟರಿಷ್ಟರಿಗೆ ಉಡುಗೊರೆ ಕೊಡಲು 12 ಸೀರೆ ಬೇಕೆಂದು ಮನೆಯಲ್ಲಿ ಪಟ್ಟಿಯಾಗಿತ್ತು. ದೀಪಾವಳಿ ಕಳೆದು ಅಡಿಕೆ ಮಾರಿದ ಮೇಲೆ ಕೊಳ್ಳುವುದೆಂದು ಮಾತು. ಅಷ್ಟರಲ್ಲಿ ಆಷಾಢದಲ್ಲಿ ಸಂಘದ ಕೆಲಸವಾಗಿ ಚಾಮರಾಜಪೇಟೆಯ ಅಪೆಕ್ಸ್ ಬ್ಯಾಂಕಿಗೆ ಹೋಗಬೇಕಾಯಿತು. ನಮ್ಮ ಷಡ್ಡಕರ ಮನೆ ಮಲ್ಲೇಶ್ವರದಲ್ಲಿದೆ. ಅಕ್ಕನನ್ನು ನೋಡದೆ ಬಹಳ ದಿನವಾಯಿತೆಂದು ನಮ್ಮ ಮನೆಯವರೂ ಜೊತೆಗೆ ಹೊರಟರು. ರಿಯಾಯಿತಿಯ ಸುದ್ದಿ ಮೊದಲೇ ಕಿವಿಗೆ ಬಿದ್ದಿದ್ದರಿಂದ, ಗೋದಾಮಿನಲ್ಲಿದ್ದ ರಾಶಿ ಅಡಿಕೆಯನ್ನು ಅಡಮಾನವಿಟ್ಟು ವರ್ಷಕ್ಕೆ ಶೇ. 12ರ ಬಡ್ಡಿಯಲ್ಲಿ 60,000 ರೂ. ಎತ್ತಿಕೊಂಡೆವು. ಕಾರ್ಯದರ್ಶಿಯೇ ಸಾಲಗಾರನಾದರೆ ಕಾಗದಪತ್ರಕ್ಕೆ ತಡವೇನು!

ಅಂಗಡಿಯ ಹೆಸರು ಇಲ್ಲಿ ಬೇಡ. ಸೀರೆಯ ಮೇಲೆ 7,200 ರೂ. ಎಂದು ಚೀಟಿ. ಅರ್ಧ ಕಳೆದು 3,600 ರೂ. ಬಣ್ಣಗಳು ಬೇರೆ ಬೇರೆ, ದರ ಒಂದೇ. ಅಂಗಡಿಯ ಹುಡುಗ ಒಂದರ ಮೇಲೊಂದು ಬಿಚ್ಚಿ ಹರವುತ್ತ, "ತಗೊಳ್ಳಿ ಸಾರ್, ಶ್ರಾವಣ ಬಂದರೆ ಈ ರೇಟು ಕನಸಿನಲ್ಲೂ ಸಿಗೋದಿಲ್ಲ" ಎಂದ. 12 ಸೀರೆ ಆರಿಸಿ ಆದ ಮೇಲೆ, "ಇಷ್ಟು ಅಗ್ಗಕ್ಕೆ ಮತ್ತೆಲ್ಲಿ ಸಿಗುತ್ತದೆ, ಮುಂದಿನ ಮದುವೆ ಮುಂಜಿಗೂ ಆಗುತ್ತದೆ, ಇನ್ನೈದು ಇರಲಿ" ಎಂದವರು ನಮ್ಮ ಮನೆಯವರಲ್ಲ, ಪದವೀಧರರೂ ಲೆಕ್ಕಪತ್ರ ಬಲ್ಲವರೂ ಆದ ನಾವು. ಅವರು ನಮ್ಮ ಕಿವಿಯ ಹತ್ತಿರ ಬಂದು, "ಅಡಿಕೆ ಮಾರುವಾಗಲೂ ನೀವು ಇಷ್ಟು ಬೇಗ ತಲೆಯಾಡಿಸುತ್ತೀರಾ?" ಎಂದು ಕೇಳಿದರು. ಆ ಮಾತಿನ ತೂಕ ಆಗ ನಮಗೆ ತಿಳಿಯಲಿಲ್ಲ.

ಬಿಲ್ಲು 61,200 ರೂ. ಅದರ ಕೆಳಗೆ ದಪ್ಪಕ್ಷರದಲ್ಲಿ, "ಇಂದು ನೀವು ಉಳಿಸಿದ ಹಣ 61,200 ರೂ." ಆ ಸಾಲನ್ನು ಓದಿದಾಗ ಆದ ಸಂತೋಷ ಒಳ್ಳೆಯ ಫಸಲು ಬಂದ ವರ್ಷವೂ ನಮಗೆ ಆದದ್ದಿಲ್ಲ.

ಮುಂದಿನ ತಿಂಗಳು ವರಮಹಾಲಕ್ಷ್ಮಿ ಹಬ್ಬಕ್ಕೆ ಸೀರೆ ಕೊಳ್ಳಲು ಷಡ್ಡಕರ ಹೆಂಡತಿ ಅದೇ ಅಂಗಡಿಗೆ ಹೋದರು. ಅದೇ ನೇಯ್ಗೆ, ಅದೇ ಅಂಚು, ಅದೇ ಸೆರಗು. ಬೋರ್ಡು ಇಲ್ಲ, ರಿಯಾಯಿತಿ ಇಲ್ಲ. ಚೀಟಿಯ ಮೇಲೆ 3,800 ರೂ. "ಸ್ವಲ್ಪ ನೋಡಿ ಹೇಳಿ" ಎಂದು ಒಂದು ಮಾತು ಕೇಳಿದ್ದಕ್ಕೆ 3,500ಕ್ಕೆ ಕೊಟ್ಟರಂತೆ. ಅವರು ಫೋನಿನಲ್ಲಿ ಇದನ್ನು ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ.

ಆ ರಾತ್ರಿ ಕೂತು ಲೆಕ್ಕ ಹಾಕಿದೆವು. ಬೇಕಿದ್ದದ್ದು 12 ಸೀರೆ. 3,500ರಂತೆ 42,000 ರೂ. ಕೊಟ್ಟದ್ದು 61,200. ಹೆಚ್ಚಿಗೆ ಹೋದದ್ದು 19,200. ದೀಪಾವಳಿಯವರೆಗೆ ಕಾದಿದ್ದರೆ ಬೇಕಾಗಿರದಿದ್ದ ಅಡಮಾನ ಸಾಲಕ್ಕೆ ನಾಲ್ಕು ತಿಂಗಳ ಬಡ್ಡಿ 2,400. ಒಟ್ಟು 21,600 ರೂ. ಹೆಚ್ಚಿಗೆ ಖರ್ಚಾಯಿತು. ಬಿಲ್ಲಿನ ಪ್ರಕಾರ ಉಳಿಸಿದ್ದು 61,200, ಕೈಯಿಂದ ಸುಮ್ಮನೆ ಹೋದದ್ದು 21,600. ಹೆಚ್ಚಿನ ಐದು ಸೀರೆ ಬೀರುವಿನಲ್ಲಿವೆ, ಅದು ನಿಜ. ಆದರೆ ಯಾರೂ ಕೇಳದ ಸೀರೆಗೆ ಬೀರುವೂ ಒಂದು ಗೋದಾಮೇ.

ಮಾರುವಾಗ ಇರುವ ಬುದ್ಧಿ ಕೊಳ್ಳುವಾಗ ಏಕಿಲ್ಲ?

ಇದರಲ್ಲಿ ನಮ್ಮನ್ನು ಹೆಚ್ಚು ಚುಚ್ಚಿದ್ದು ಹಣವಲ್ಲ. ಶೇಕಡಾ ಲೆಕ್ಕ ಬೆಳೆಗಾರನಿಗೆ ಹೊಸದೇ? ಕಾಫಿ ಚೆರಿ ಕೊಳ್ಳಲು ಬಂದವನು 50 ಕಿಲೋ ಚೀಲಕ್ಕೆ ಇನ್ನೂರು ರೂಪಾಯಿ ಜಾಸ್ತಿ ಕೊಡುತ್ತೇನೆಂದರೆ ನಾವು ಕುಣಿಯುತ್ತೇವೆಯೇ? "ಔಟ್‌ಟರ್ನ್ ಎಷ್ಟು ಹಾಕುತ್ತೀ?" ಎಂದು ಮೊದಲು ಕೇಳುತ್ತೇವೆ. ಚೀಲದಲ್ಲಿ ಕ್ಲೀನ್ ಕಾಫಿ ಎಷ್ಟು ಕಿಲೋ ಬರುತ್ತದೆಂಬುದರಲ್ಲಿ ಅವನು ಒಂದು ಕಿಲೋ ಕಡಿಮೆ ಹಿಡಿದರೆ ಇನ್ನೂರು ಅಲ್ಲಿಯೇ ಕರಗಿ ಹೋಗುತ್ತದೆಂದು ಓದು ಬರಹ ಬಾರದ ಸದಸ್ಯರೂ ನಿಂತ ನಿಲುವಿನಲ್ಲಿ ಹೇಳುತ್ತಾರೆ. ಅಡಿಕೆ ಮಂಡಿಯಲ್ಲೂ ಅಷ್ಟೆ. ದರದ ಜೊತೆಗೆ ತೇವ ಎಷ್ಟು ಕಳೆಯುತ್ತಾರೆ, ಚೀಲದ ತೂಕ ಎಷ್ಟು, ಕಮಿಷನ್ ಎಷ್ಟು, ಹಮಾಲಿ ಎಷ್ಟು ಎಂದು ಕೇಳದೆ ಬೆಟ್ಟೆಯನ್ನಾಗಲಿ ರಾಶಿಯನ್ನಾಗಲಿ ಯಾರೂ ತೂಕಕ್ಕೆ ಹಾಕುವುದಿಲ್ಲ.

ಅಂದರೆ, ಯಾವ ಶೇಕಡಾವಾರಿಗೂ ಒಂದು ಬುಡ ಇರುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು. ನೂರರಲ್ಲಿ ಐವತ್ತು ಎಂದರೆ ಯಾವ ನೂರು? ಆ ನೂರನ್ನು ಬರೆದವರು ಯಾರು? ಅದನ್ನು ಎಂದಾದರೂ ಯಾರಾದರೂ ನಿಜವಾಗಿ ಕೊಟ್ಟಿದ್ದಾರೆಯೇ? ಮಾರುವಾಗ ನಾವು ಕೇಳುವ ಪ್ರಶ್ನೆ ಇದೇ. ಕೊಳ್ಳುವಾಗ ಮಾತ್ರ ಬೋರ್ಡು ನೋಡಿ ಮರೆತುಬಿಡುತ್ತೇವೆ.

ಎಲ್ಲ ರಿಯಾಯಿತಿಯೂ ಸುಳ್ಳಲ್ಲ

ವ್ಯಾಪಾರಿಗಳಿಗೆ ಅನ್ಯಾಯವಾಗದಂತೆ ಇದನ್ನೂ ಹೇಳಬೇಕು. ಆಷಾಢದಲ್ಲಿ ಮದುವೆ ನಡೆಯುವುದಿಲ್ಲ, ಗೃಹಪ್ರವೇಶವಿಲ್ಲ, ಹೊಸ ಮದುಮಗಳು ತವರಿಗೆ ಹೋಗುತ್ತಾಳೆ. ಜವಳಿ ಅಂಗಡಿಗೆ ಗಿರಾಕಿ ಕಡಿಮೆ. ಆದರೆ ಬಾಡಿಗೆ, ಆಳಿನ ಸಂಬಳ, ಸರಕಿಗೆ ಹಾಕಿದ ಹಣದ ಬಡ್ಡಿ ನಿಲ್ಲುವುದಿಲ್ಲ. ಶ್ರಾವಣದ ಹಬ್ಬಗಳಿಗೆ ಹೊಸ ಸರಕು ತರಿಸಬೇಕಾದರೆ ಹಳೆಯದು ಖಾಲಿಯಾಗಬೇಕು. ಆಗ ಅಂಗಡಿಯವನು ಲಾಭ ಬಿಟ್ಟು, ಕೆಲವೊಮ್ಮೆ ಅಸಲಿಗೂ ಕಡಿಮೆಗೆ ಕೊಡುವುದುಂಟು. ಗಾತ್ರ ತಪ್ಪಿ ಉಳಿದ ಅಂಗಿ, ಬಣ್ಣ ನಿಂತುಹೋದ ಸೀರೆ, ಮಾದರಿ ಹಳೆಯದಾದ ಮಿಕ್ಸಿ ಇಂಥವು ನಿಜವಾಗಿಯೂ ಅಗ್ಗವಾಗುತ್ತವೆ. ಅದಕ್ಕೆ ಕಾರಣವಿದೆ, ಕಾರಣ ಕಣ್ಣಿಗೆ ಕಾಣುತ್ತದೆ.

ಗಾಂಧಿ ಜಯಂತಿಯ ಸಮಯಕ್ಕೆ ಖಾದಿ ಭಂಡಾರಗಳಲ್ಲಿ ಸಿಗುವ ರಿಯಾಯಿತಿ ಇನ್ನೊಂದು ಬಗೆಯದು. ಅಲ್ಲಿ ಮೂಲ ಬೆಲೆ ವರ್ಷವಿಡೀ ಬಟ್ಟೆಯ ಮೇಲೆಯೇ ಇರುತ್ತದೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮಳಿಗೆಗಳಲ್ಲಿ ಮೈಸೂರು ಸಿಲ್ಕ್ ಸೀರೆಗೆ ಹಬ್ಬದ ಕಾಲದಲ್ಲಿ ರಿಯಾಯಿತಿ ಪ್ರಕಟವಾದಾಗಲೂ ಹಾಗೆಯೇ. ಹಿಂದಿನ ತಿಂಗಳು ಹೋಗಿ ಬೆಲೆ ನೋಡಿಕೊಂಡು ಬಂದವರಿಗೆ ಕಡಿತ ಎಷ್ಟೆಂದು ತಾನಾಗಿಯೇ ತಿಳಿಯುತ್ತದೆ.

ನಮ್ಮ ಸಹಕಾರ ಚಳವಳಿಯಂತೂ ಹುಟ್ಟಿದ್ದೇ ಇಂಥದೊಂದು ಪ್ರಾಮಾಣಿಕ ರಿಯಾಯಿತಿಯಿಂದ. 1844ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ನೇಕಾರರೂ ಇತರ ಕೆಲಸಗಾರರೂ ಸೇರಿ ಒಂದು ಪುಟ್ಟ ಅಂಗಡಿ ತೆರೆದರು. ಪೇಟೆಯ ಬೆಲೆಗೇ ಮಾರಿದರು, ಕಲಬೆರಕೆ ಮಾಡಲಿಲ್ಲ, ತೂಕ ಕದಿಯಲಿಲ್ಲ. ಉಳಿದ ಲಾಭವನ್ನು, ಯಾರು ಎಷ್ಟು ಕೊಂಡಿದ್ದಾರೋ ಅದಕ್ಕೆ ತಕ್ಕಂತೆ ಸದಸ್ಯರಿಗೆ ಹಿಂದಿರುಗಿಸಿದರು. ಲೆಕ್ಕ ಪುಸ್ತಕದಲ್ಲಿತ್ತು, ಪುಸ್ತಕ ಸದಸ್ಯರ ಮುಂದಿತ್ತು. ಮೊದಲು ಬೆಲೆ, ಆಮೇಲೆ ಲೆಕ್ಕ, ಕೊನೆಗೆ ರಿಯಾಯಿತಿ.

ನಮ್ಮ ನೆಲದ ಉದಾಹರಣೆ ಬೇಕೆಂದರೆ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ರಸ್ತೆಯ ಎರಡೂ ಬದಿ ಕಡಲೆಕಾಯಿಯ ರಾಶಿ. ಮಾರುವವಳು ಸೇರನ್ನು ನಿಮ್ಮ ಕಣ್ಣೆದುರಿಗೆ ತಲೆ ತಟ್ಟಿ ತುಂಬುತ್ತಾಳೆ, ಚೀಲಕ್ಕೆ ಸುರಿಯುತ್ತಾಳೆ, ಆಮೇಲೆ ಒಂದು ಹಿಡಿ ಕೊಸರು ಹಾಕುತ್ತಾಳೆ. ಅಳತೆ ತುಂಬಿದ್ದನ್ನು ನೋಡಿದ್ದೀರಿ, ಆದ್ದರಿಂದ ಕೊಸರು ಕೊಸರೆಂದು ಗೊತ್ತಾಗುತ್ತದೆ. ಅಳತೆಯನ್ನೇ ಕುಗ್ಗಿಸಿ ಕೊಸರು ಹಾಕಿದರೆ ಅದು ಕೊಸರಲ್ಲ, ನಮ್ಮದನ್ನೇ ನಮಗೆ ಕೊಟ್ಟದ್ದು.

ಕೈಚಳಕದ ಬಗೆಗಳು

ಈಗ ನಾವು ಕಂಡ, ಕೇಳಿದ, ಅನುಭವಿಸಿದ ಕೆಲವು ಉಪಾಯಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಏರಿಸಿ ಇಳಿಸುವುದು. 1,000 ರೂಪಾಯಿಯ ಸರಕಿಗೆ ಸೇಲ್‌ಗೆ ಮುಂಚೆ 1,600 ಎಂದು ಚೀಟಿ ಹಚ್ಚುತ್ತಾರೆ. ಆಮೇಲೆ ಶೇ. 40 ಕಡಿತ. 1,600ರಲ್ಲಿ 640 ಹೋದರೆ 960. ಗಿರಾಕಿಗೆ ಸಿಕ್ಕಿದ್ದು ಬರೀ ಶೇ. 4. ಸೀರೆ, ಅಳತೆ ಬಟ್ಟೆ, ಮರದ ಸಾಮಾನು ಮೊದಲಾದ ಬಿಡಿ ಸರಕಿನಲ್ಲಿ ಚೀಟಿಯ ಬೆಲೆ ಅಂಗಡಿಯವನ ಸ್ವಂತ ಬರಹ. ಪ್ಯಾಕೆಟ್ಟಿನ ಸರಕಿಗೆ ಗರಿಷ್ಠ ಚಿಲ್ಲರೆ ಬೆಲೆ ಅಚ್ಚಾಗಿರಲೇಬೇಕು, ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಆದರೆ ಔಷಧಿಯಂಥ ಬೆಲೆ ನಿಯಂತ್ರಣದ ವಸ್ತುಗಳನ್ನು ಬಿಟ್ಟರೆ, ಆ ಗರಿಷ್ಠವನ್ನು ಎಷ್ಟಕ್ಕೆ ಅಚ್ಚು ಹಾಕಬೇಕೆಂಬುದು ತಯಾರಿಸಿದವನ ಇಷ್ಟ. ಆದ್ದರಿಂದ ಅದು ಮಿತಿಯೇ ಹೊರತು ನ್ಯಾಯವಾದ ಬೆಲೆಯೆಂಬ ಸರ್ಟಿಫಿಕೇಟಲ್ಲ.

ಎರಡನೆಯದು, "ವರೆಗೆ" ಎಂಬ ಸಣ್ಣಕ್ಷರ. ಬೋರ್ಡಿನಲ್ಲಿ 70 ಎಂಬುದು ಆಳೆತ್ತರ, ಅದರ ಪಕ್ಕದ "ವರೆಗೆ" ಬೆರಳೆತ್ತರ. ಶೇ. 70 ಕಡಿತ ಇರುವುದು ಮೂಲೆಯ ಬುಟ್ಟಿಯಲ್ಲಿರುವ ನಾಲ್ಕು ಕರವಸ್ತ್ರಕ್ಕೆ. ನೀವು ಕೇಳಿದ ಸೀರೆಗೆ ಹತ್ತೋ ಹದಿನೈದೋ.

ಮೂರನೆಯದು, ಕೂಡಿಸಿ ತೋರಿಸುವುದು. "50 + 20" ಎಂದು ಬರೆದಿರುತ್ತಾರೆ. ನಾವು ಮನಸ್ಸಿನಲ್ಲಿ ಎಪ್ಪತ್ತು ಎಂದುಕೊಳ್ಳುತ್ತೇವೆ. 1,000ಕ್ಕೆ 50 ಹೋದರೆ 500, ಉಳಿದ 500ಕ್ಕೆ ಮಾತ್ರ 20, ಅಂದರೆ 100 ಹೋಗಿ 400. ಕಡಿತ ಶೇ. 60, ಎಪ್ಪತ್ತಲ್ಲ.

ನಾಲ್ಕನೆಯದು, "ಎರಡು ಕೊಂಡರೆ ಒಂದು ಉಚಿತ". ಮೂರಕ್ಕೂ ಒಂದೇ ಬೆಲೆಯಾದರೆ ಇದು ಸುಮಾರು ಶೇ. 33ರ ಕಡಿತ. ಬೆಲೆ ಬೇರೆ ಬೇರೆಯಾದರೆ ಅತಿ ಕಡಿಮೆಯದೇ ಉಚಿತವೆಂದು ನಿಯಮವಿರುತ್ತದೆ, ಆಗ ಇನ್ನೂ ಕಡಿಮೆ. ನಿಮಗೆ ಬೇಕಾದದ್ದು ಒಂದೇ ಆಗಿದ್ದರೆ ಕಡಿತವೆಂಬುದೇ ಇಲ್ಲ, ಎರಡರಷ್ಟು ಖರ್ಚು ಮಾತ್ರ.

ಐದನೆಯದು, ಸೇಲ್‌ಗೆಂದೇ ತರಿಸಿದ ಸರಕು. ಇದನ್ನು ಗುರುತಿಸುವುದು ಕಷ್ಟ. ಅಂಗಡಿಯ ಹಳೆಯ ದಾಸ್ತಾನನ್ನು ಅಗ್ಗ ಮಾಡುವ ಬದಲು, ಹಗುರ ನೂಲಿನ, ಕಡಿಮೆ ಎಳೆಯ ಬಟ್ಟೆಯನ್ನು ಈ ದಿನಗಳಿಗೆಂದೇ ತರಿಸಿ ಒಳ್ಳೆಯ ಸರಕಿನ ಬೆಲೆಯ ಚೀಟಿ ಹಚ್ಚಿ "ಕಡಿತ" ಮಾಡುವುದು. ರೇಷ್ಮೆಯೆಂದು ಕೊಳ್ಳುವಾಗ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಅಂಚಿನಿಂದ ಒಂದೆರಡು ಎಳೆ ಕಿತ್ತು ಸುಟ್ಟರೆ ನಿಜ ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಆರನೆಯದು, ಚಿನ್ನದ ಮಜೂರಿ. ಚಿನ್ನದ ದರದಲ್ಲಿ ಹೆಚ್ಚು ಆಟವಾಡಲು ಬರುವುದಿಲ್ಲ, ಅದು ದಿನವೂ ಪೇಪರಿನಲ್ಲಿ ಬರುತ್ತದೆ. ಆದ್ದರಿಂದ ರಿಯಾಯಿತಿಯ ಮಾತೆಲ್ಲ ಮಜೂರಿ ಮತ್ತು ವೇಸ್ಟೇಜಿನ ಮೇಲೆ. ಉದಾಹರಣೆಗೆ, ಒಂದು ಲಕ್ಷ ರೂಪಾಯಿ ಬೆಲೆಯ ಚಿನ್ನದ ಸರಕ್ಕೆ ಒಬ್ಬನ ಮಜೂರಿ ಶೇ. 22, "ಮಜೂರಿಯಲ್ಲಿ ಅರ್ಧ ಬಿಟ್ಟಿದ್ದೇವೆ" ಎಂದರೆ 11,000 ರೂ. ಪಕ್ಕದ ಅಂಗಡಿಯಲ್ಲಿ ಬೋರ್ಡಿಲ್ಲ, ಮಜೂರಿ ಶೇ. 10, ಅಂದರೆ 10,000 ರೂ. ಬೋರ್ಡಿಲ್ಲದವನೇ ಅಗ್ಗ. ಕಲ್ಲಿನ ತೂಕವನ್ನು ಕಳೆದು ಚಿನ್ನದ ತೂಕ ಹಾಕಿದ್ದಾರೆಯೇ ಎಂಬುದನ್ನೂ ಬಿಲ್ಲಿನಲ್ಲಿ ನೋಡಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ ಮತ್ತು ಅಂಕೆಗಳ ಗುರುತು ಸಂಖ್ಯೆ ಇರಬೇಕೆಂಬ ನಿಯಮ ಬಂದಿದೆ. ಭಾರತೀಯ ಮಾನಕ ಸಂಸ್ಥೆಯ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿ ನೋಡಬಹುದು.

ಏಳನೆಯದು, ಮೊಬೈಲಿನ ಅಂಗಡಿಗಳ ಮಹಾ ಸೇಲ್. ಇಲ್ಲಿ ಹುಡುಗನ ಬದಲು ಗಡಿಯಾರ ಅವಸರ ಮಾಡುತ್ತದೆ. "ಇನ್ನು ಹತ್ತೇ ನಿಮಿಷ", "ಎರಡೇ ಉಳಿದಿವೆ" ಎಂದು ಬರೆದು, ಆ ಗಡಿಯಾರ ಮುಗಿದರೆ ಮತ್ತೊಂದು ಗಡಿಯಾರ. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಇವೆಲ್ಲ ಸಲ್ಲದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮಕ್ಕಳ ಕೈಯಲ್ಲಿ ಫೋನಿರುವ ಮನೆಗಳಲ್ಲಿ ಇದನ್ನು ಅವರಿಗೂ ಹೇಳಿಕೊಡಿ.

ಕಾನೂನು ಏನು ಹೇಳುತ್ತದೆ?

ಇದು ಬರೀ ಜಾಣತನ ಪೆದ್ದುತನಗಳ ಮಾತಲ್ಲ, ಕಾನೂನಿನ ಮಾತೂ ಹೌದು. ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ 1969ರ ಕಾಯಿದೆಗೆ 1984ರಲ್ಲಿ ತಿದ್ದುಪಡಿಯಾದಾಗ "ಅನುಚಿತ ವ್ಯಾಪಾರ ಪದ್ಧತಿ" ಎಂಬುದು ನಮ್ಮ ದೇಶದ ಕಾನೂನಿಗೆ ಸೇರಿತು. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂತು. ಅದರ ಜಾಗದಲ್ಲಿ ಬಂದ 2019ರ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ.

ಈ ಕಾಯಿದೆಯ ಪ್ರಕಾರ, ಒಂದು ಸರಕು ಸಾಮಾನ್ಯವಾಗಿ ಯಾವ ಬೆಲೆಗೆ ಮಾರಾಟವಾಗುತ್ತಿತ್ತು ಎಂಬ ವಿಷಯದಲ್ಲಿ ಜನರನ್ನು ತಪ್ಪುದಾರಿಗೆ ಎಳೆಯುವುದು ಅನುಚಿತ ವ್ಯಾಪಾರ ಪದ್ಧತಿ. ಅಂದರೆ 3,800ರ ಸೀರೆಗೆ 7,200ರ ಚೀಟಿ ಹಚ್ಚಿ ಅರ್ಧ ಕಳೆಯುವುದು ಈ ಮಾತಿಗೇ ಬರುತ್ತದೆ. ಅಗ್ಗದ ಬೆಲೆಯೆಂದು ಜಾಹೀರಾತು ಕೊಟ್ಟು, ಆ ಬೆಲೆಗೆ ಸಾಕಷ್ಟು ಸರಕನ್ನು ಸಾಕಷ್ಟು ದಿನ ಮಾರುವ ಉದ್ದೇಶವೇ ಇಲ್ಲದಿದ್ದರೆ ಅದೂ ಹಾಗೆಯೇ. ಬಿಲ್ಲು ಕೊಡದಿರುವುದೂ ಹಾಗೆಯೇ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದೂ ಅನುಚಿತವೇ. ನಮ್ಮ 17 ಸೀರೆಗಳಲ್ಲಿ ಎರಡರ ಜರಿಯಂಚು ಬಿಟ್ಟುಕೊಂಡಿತ್ತು. ಬಿಲ್ಲಿನ ಮೇಲೆ "ರಿಯಾಯಿತಿ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ" ಎಂಬ ರಬ್ಬರ್ ಮುದ್ರೆ ನೋಡಿ ನಾವು ಸುಮ್ಮನಾದೆವು. ಸುಮ್ಮನಾಗಬೇಕಾಗಿರಲಿಲ್ಲ. ಬಣ್ಣ ಹಿಡಿಸಲಿಲ್ಲವೆಂದು ಹಿಂದಿರುಗಿಸುವುದು ಬೇರೆ, ದೋಷವಿದೆಯೆಂದು ಹಿಂದಿರುಗಿಸುವುದು ಬೇರೆ.

ಇನ್ನೊಂದು ಮಾತು. ಗರಿಷ್ಠ ಚಿಲ್ಲರೆ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಆ ಬೆಲೆಯ ಮೇಲೆ ಇಂತಿಷ್ಟು ಕಡಿತವೆಂದು ಜಾಹೀರಾತು ಕೊಟ್ಟು, ಕಡಿತವಾದ ಬೆಲೆಗೆ ಮತ್ತೆ ತೆರಿಗೆ ಸೇರಿಸಿ ವಸೂಲು ಮಾಡುವುದು ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲಿ ತೀರ್ಪು ಕೊಟ್ಟಿದೆ. ಬಿಲ್ಲಿನ ಕೊನೆಯ ಸಾಲುಗಳನ್ನು ಓದುವ ಅಭ್ಯಾಸ ಇದಕ್ಕಾಗಿ ಬೇಕು.

ಯೂರೋಪಿನ ಒಕ್ಕೂಟದ ದೇಶಗಳಲ್ಲಿ ಒಂದು ಸರಳ ನಿಯಮ 2022ರ ಮೇ ತಿಂಗಳಿನಿಂದ ಜಾರಿಗೆ ಬಂದಿದೆ. ರಿಯಾಯಿತಿ ಪ್ರಕಟಿಸುವವರು ಹಿಂದಿನ ಬೆಲೆಯೆಂದು ತೋರಿಸಬೇಕಾದದ್ದು ಕನಿಷ್ಠ ಹಿಂದಿನ 30 ದಿನಗಳಲ್ಲಿ ತಾವು ಮಾರಿದ ಅತಿ ಕಡಿಮೆ ಬೆಲೆಯನ್ನು. ನಿನ್ನೆ ಏರಿಸಿ ಇಂದು ಇಳಿಸುವ ಆಟ ಅಲ್ಲಿಗೆ ನಿಂತಿತು. ನಾವು ಇಲ್ಲಿ ಕೂತು ಮಾಡಬಹುದಾದದ್ದೆಂದರೆ ಆ 30 ದಿನದ ನಿಯಮವನ್ನು ನಮ್ಮ ಮನೆಯ ಮಟ್ಟಿಗೆ ನಾವೇ ಜಾರಿಗೆ ತರುವುದು.

ಮೋಸವಾದರೆ ಬೆಂಗಳೂರಿಗೇ ಹೋಗಿ ಓಡಾಡಬೇಕೆಂಬ ಅಂಜಿಕೆ ಬೇಡ. 2019ರ ಕಾಯಿದೆಯಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂ. ಒಳಗಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ ಹೇಳಬಹುದು; ಎಷ್ಟೋ ವ್ಯಾಜ್ಯ ಅಲ್ಲಿಯೇ ಬಗೆಹರಿಯುತ್ತದೆ.

ಹೊರಡುವ ಮೊದಲು

ಸದಸ್ಯರ ಅನುಕೂಲಕ್ಕಾಗಿ ನಮ್ಮ ಮನೆಯಲ್ಲಿ ಈಗ ಪಾಲಿಸುತ್ತಿರುವ ಕ್ರಮವನ್ನು ಇಲ್ಲಿ ಕೊಡುತ್ತೇವೆ.

1. ಪಟ್ಟಿಯನ್ನು ಮನೆಯಲ್ಲೇ ಬರೆದುಕೊಳ್ಳುವುದು. ವಸ್ತು, ಸಂಖ್ಯೆ, ಕೊಡಬಹುದಾದ ಗರಿಷ್ಠ ಬೆಲೆ. ಅಂಗಡಿಯಲ್ಲಿ ಪಟ್ಟಿಗೆ ಹೊಸ ಸಾಲು ಸೇರಿಸುವುದಿಲ್ಲ.

2. ದೊಡ್ಡ ಖರೀದಿಯಾದರೆ ಸೇಲ್‌ಗೆ ಒಂದು ತಿಂಗಳು ಮುಂಚೆ ಬೆಂಗಳೂರಿನಲ್ಲಿರುವ ಮಕ್ಕಳಿಗೋ ನೆಂಟರಿಗೋ ಹೇಳಿ ಬೆಲೆ ತಿಳಿದುಕೊಳ್ಳುವುದು. ಚೀಟಿಯ ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

3. ಶೇಕಡಾ ಎಷ್ಟೆಂದು ಕೇಳುವುದಿಲ್ಲ, ಕೈಯಿಂದ ಒಟ್ಟು ಎಷ್ಟು ಕೊಡಬೇಕೆಂದು ಕೇಳುವುದು. ಆ ಮೊತ್ತಕ್ಕೆ ಬೋರ್ಡಿಲ್ಲದ ಇನ್ನೆರಡು ಅಂಗಡಿಯಲ್ಲಿ ಏನು ಸಿಗುತ್ತದೆಂದು ನೋಡುವುದು.

4. ಬೆಲೆ, ಕಡಿತ, ತೆರಿಗೆ ಬಿಡಿಬಿಡಿಯಾಗಿ ಬರೆದ ಬಿಲ್ಲು ಪಡೆದು, ಜಾಹೀರಾತಿನ ತುಂಡಿನ ಜೊತೆ ಇಡುವುದು.

5. ಬಟ್ಟೆಯನ್ನು ಮನೆಗೆ ತಂದ ವಾರದೊಳಗೆ ಪೂರ್ತಿ ಬಿಚ್ಚಿ ಬೆಳಕಿಗೆ ಹಿಡಿದು ನೋಡುವುದು. ಮದುವೆಯ ಹಿಂದಿನ ದಿನ ಬಿಚ್ಚಿದರೆ ಯಾರಿಗೂ ಹೇಳುವಂತಿಲ್ಲ.

6. ಸೇಲ್‌ಗೆಂದು ಸಾಲ ಮಾಡುವುದಿಲ್ಲ.

ಕೊನೆಯದನ್ನು ಸ್ವಲ್ಪ ವಿವರಿಸಬೇಕು. ಆಷಾಢದಲ್ಲಿ ನಮ್ಮ ಸಂಘದ ಕೌಂಟರಿಗೆ ಬರುವ ಅಡಮಾನ ಸಾಲದ ಅರ್ಜಿಗಳಲ್ಲಿ "ಮನೆ ಖರ್ಚು" ಎಂದು ಬರೆದಿರುವುದನ್ನು ನಾವು ನೋಡುತ್ತೇವೆ. ಯಾವ ಖರ್ಚೆಂದು ಕೇಳುವುದು ನಮ್ಮ ಅಧಿಕಾರವಲ್ಲ, ಕೇಳುವುದೂ ಇಲ್ಲ. ಸದಸ್ಯರ ಅಡಿಕೆ, ಸದಸ್ಯರ ಸಾಲ. ಆದರೆ ಔಷಧಿ, ಗೊಬ್ಬರ, ಕೂಲಿಗೆಂದು ಇರುವ ಈ ಅನುಕೂಲವನ್ನು ಬೇರೆಯವರ ಬೋರ್ಡಿಗೆ ಹೆದರಿ ಬಳಸಿಕೊಂಡಾಗ ಏನಾಗುತ್ತದೆಂದು ನಾವು ಬಲ್ಲೆವು. ಆ ವರ್ಷ ಕಾರ್ತಿಕದಲ್ಲಿ ಸಾಲದ ಗಡುವು ಬಂತೆಂದು, ದರ ಏರುವವರೆಗೆ ಕಾಯಲಾಗದೆ, ಅಂದಿನ ದರಕ್ಕೇ ಅಡಿಕೆ ಬಿಟ್ಟುಕೊಟ್ಟವರಲ್ಲಿ ನಾವೂ ಒಬ್ಬರು. ಆ ನಷ್ಟವನ್ನು ಮೇಲಿನ 21,600ಕ್ಕೆ ನಾವು ಸೇರಿಸಿಲ್ಲ. ಸೇರಿಸಿದರೆ ಮನೆಯಲ್ಲಿ ಮುಖ ತೋರಿಸುವುದು ಕಷ್ಟ.

ನಿಜವಾದ ರಿಯಾಯಿತಿ ಸಿಕ್ಕಿದರೆ ಬಿಡಬೇಡಿ, ಸಂತೋಷದಿಂದ ಕೊಳ್ಳಿ. ಅದು ನಿಜವೋ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಶೇಕಡಾ ಐವತ್ತು ಸರಿ, ಆದರೆ ಯಾವುದರ ಮೇಲೆ? ಮಂಡಿಯಲ್ಲಿ ಕೇಳುವ ಧ್ವನಿಯಲ್ಲೇ ಮಲ್ಲೇಶ್ವರದಲ್ಲೂ ಕೇಳಿ.

ಆ ಬಿಲ್ಲು ಇಂದಿಗೂ ನಮ್ಮ ಹತ್ತಿರ ಇದೆ. ಅಂಗಡಿಯ ಹೆಸರಿನ ಮೇಲೆ ಕಾಗದ ಅಂಟಿಸಿ ಸಂಘದ ಕಚೇರಿಯ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇವೆ. ಬಸ್ಸು ಹತ್ತುವ ಮೊದಲು ನೋಡಬೇಕೆಂದಿರುವ ಸದಸ್ಯರು ಕಚೇರಿಯ ವೇಳೆಯಲ್ಲಿ ಬಂದು ನೋಡಬಹುದು.